ಲಾನಿಗೆ ಅಡ್ಡ ಬಂದ ಹೊಂಗೆಮರ

"ಈ ಹೊಂಗೆಮರದ ನೆರಳಲ್ಲಿ ನನ್ನ ಲಾನಿನ ಹುಲ್ಲು ಹಿಡೀತಾನೇ ಇಲ್ಲ. ಇವತ್ತೇ ಕಡಿದು ಹಾಕು!" ಎಂದು ಹೊಸ ಮನೆಯ ಯಜಮಾನ ವೀರಭದ್ರಯ್ಯನವರು ಗುಡುಗಿದರು.

ತೋಟದ ಕೆಲಸದ ಚಿಕ್ಕತಾಯಮ್ಮ ಕೈಮುಗಿದಳು. "ನಾಳೆ ಗೃಹಪ್ರವೇಶ ಬುದ್ಧಿ. ಶುಭಕಾರ್ಯದ ಮುಂಚೆ ಹಸಿಮರ ಕಡೀಬಾರದು. ನೆಂಟರ ಊಟ ಆಗ್ಲಿ, ನಾನೇ ಕಡೀತೀನಿ."

ಮರುದಿನ ಕುರ್ಚಿಗಳನ್ನೆಲ್ಲ ಅವಳೇ ಲಾನಿನಲ್ಲಿ ಮರದ ನೆರಳು ಬೀಳದ ಬಿಸಿಲಿನ ಕಡೆ ಹಾಕಿದಳು. ಮಧ್ಯಾಹ್ನ ಬಿಸಿಲೇರಿತು. ಮೊದಲು ಪುರೋಹಿತರು ಮರದಡಿಗೆ ಜರುಗಿದರು, ಹಿಂದೆಯೇ ಬೀಗರು. ಕೊನೆಗೆ ಯಜಮಾನರೂ ಕುರ್ಚಿ ಎಳೆದುಕೊಂಡು ಬಂದು ಬೊಡ್ಡೆಗೊರಗಿ ಬೆವರೊರೆಸಿಕೊಂಡರು.

ಚಿಕ್ಕತಾಯಮ್ಮ ಕೊಡಲಿ ಹಿಡಿದು ಬಂದಳು. "ಊಟ ಆಯ್ತಲ್ಲ ಬುದ್ಧಿ. ಒಂಚೂರು ಎದ್ದು ಲಾನಿನ ಮೇಲೆ ಕೂತ್ಕೊಳ್ಳಿ, ಮರ ಕಡೀತೀನಿ."

ವೀರಭದ್ರಯ್ಯ ಲಾನಿನತ್ತ ನೋಡಿದರು. ಅಲ್ಲಿ ಒಂದು ಕಾಗೆಯೂ ಇರಲಿಲ್ಲ. ಆಮೇಲೆ ತಲೆಯೆತ್ತಿದರು. ಕೊಂಬೆಯ ಮೇಲೆ ಕೊಂಬೆ, ನೋಡಿದಷ್ಟೂ ಹಸಿರು.

"ಅಬ್ಬಾ! ಇಡೀ ನೆಂಟರ ಬಳಗಾನ ಒಂದೇ ಮರ ತಬ್ಬಿಕೊಂಡಿದೆಯಲ್ಲೇ!" ಎಂದವರು ತಮ್ಮ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು. "ಕೊಡಲಿ ಆಚೆ ಇಟ್ಟು ಬಾ, ನೀನೂ ಕೂತ್ಕೋ."