ರಂಗೋಲಿ ಅಳಿಸಗೊಡದ ಒಲೆ

ಹಬ್ಬದ ದಿನ ಶಿವಗಂಗವ್ವ ಮಣ್ಣಿನ ಒಲೆಗೆ ಕೆಮ್ಮಣ್ಣು ಸಾರಿಸಿ, ಅದರ ಬಾಯಿಯ ಮುಂದೆ ರಂಗೋಲಿ ಹಾಕಿದಳು. ಒಲೆ ಬೀಗಿತು. ಮರುದಿನ ಬೂದಿ ತೆಗೆಯಲು ಬಂದ ಸಲಿಕೆಗೆ, “ರಂಗೋಲಿ ಕೆಡುತ್ತದೆ, ನಾಳೆ ಬಾ” ಎಂದಿತು. ಆಮೇಲೆ ದಿನವೂ ಅದೇ ಮಾತು.

ಎಂಟನೆಯ ದಿನ ಬೆಂಕಿ ಹತ್ತಲಿಲ್ಲ, ಬರೀ ಹೊಗೆ. “ಸಾಕಪ್ಪಾ ಇದರ ಸಹವಾಸ! ನಾಳೆ ಹಿತ್ತಲಾಗೆ ಬ್ಯಾರೆ ಒಲಿ ಹಾಕ್ತೀನಿ” ಎಂದು ಶಿವಗಂಗವ್ವ ಕಣ್ಣೊರೆಸಿಕೊಂಡು ಎದ್ದು ಹೋದಳು.

ಒಲೆಗೆ ದಿಕ್ಕೇ ತೋಚಲಿಲ್ಲ. ಬೆಂಕಿ ಯಾಕೆ ಹತ್ತಲಿಲ್ಲವೆಂದು ಸೌದೆಯನ್ನು ಕೇಳಿತು. “ನಾನು ಚೆನ್ನಾಗಿ ಒಣಗಿದ್ದೇನೆ. ಊದುಗೊಳವೆಗೆ ದಮ್ಮಿಲ್ಲ” ಎಂದಿತು ಸೌದೆ. “ಊದಿ ಊದಿ ಸಾಕಾಯಿತು. ಹೊಗೆಗೂಡು ಕಟ್ಟಿಕೊಂಡಿರಬೇಕು” ಎಂದಿತು ಊದುಗೊಳವೆ. “ನನ್ನ ದಾರಿ ಸಲೀಸಾಗಿದೆ. ಸೌದೆಯೇ ಹಸಿ” ಎಂದಿತು ಹೊಗೆಗೂಡು. ಮೂವರ ಮಾತೂ ನಿಜವೆನಿಸಿ ಒಲೆಯ ತಲೆ ಕೆಟ್ಟುಹೋಯಿತು.

ಆಗ ಮನೆಯ ಬೆಕ್ಕು ಬಂದು ಒಳಗೆ ಇಣುಕಿತು. “ಮೊದಲು ನಿನ್ನೊಳಗೆ ಸುರುಳಿ ಸುತ್ತಿ ಮಲಗುತ್ತಿದ್ದೆ. ಈಗ ಬೂದಿ ತುಂಬಿ ನನ್ನ ತಲೆಯೂ ತೂರದು. ಗಾಳಿ ಎಲ್ಲಿಂದ ತೂರೀತು?”

“ಬೂದಿ ತೆಗೆದರೆ ರಂಗೋಲಿ ಅಳಿಯುತ್ತದಲ್ಲ! ಅದು ಉಳಿಯುವ ದಾರಿಯೇ ಇಲ್ಲವೇ?”

“ಯಾಕಿಲ್ಲ? ಸುಮ್ಮನಿರು. ನಾಳೆ ಹಿತ್ತಲಲ್ಲಿ ಹೊಸ ಒಲೆ ಉರಿಯುತ್ತದೆ. ನಿನ್ನ ರಂಗೋಲಿ ವರ್ಷಗಟ್ಟಲೆ ಅಳಿಯುವುದಿಲ್ಲ. ನೋಡಲು ಯಾರೂ ಇತ್ತ ಬರುವುದಿಲ್ಲ, ಅಷ್ಟೇ.”

ಒಲೆ ಅಂದೇ ಮೊದಲ ಸಲ ಸಲಿಕೆಯನ್ನು ತಾನಾಗಿ ಕೂಗಿತು: “ಇವತ್ತೇ ಬಾರಪ್ಪ!”