ಮೇಷ್ಟ್ರ ಪಾಸ್‌ವರ್ಡ್

“ಬುದ್ಧಿ, ನಾನು ಯಾರಿಗೂ ಹೇಳದ ಪಾಸ್‌ವರ್ಡ್ ಶಾಲೆಯವರಿಗೆಲ್ಲ ಗೊತ್ತಾಗಿದೆ. ಜವಾನ ಮಾದಯ್ಯನೇ ಕದ್ದಿರಬೇಕು. ಅವನನ್ನು ಕೆಲಸದಿಂದ ಬಿಡಿಸಲು ಅಪ್ಪಣೆಯೇ?”

ಮಠದ ಶಾಲೆಯ ಹೆಡ್‌ಮಾಸ್ಟರ್ ಶಿವನಂಜಪ್ಪ ಹೀಗೆ ಕೇಳಿ ಗುರುಗಳ ಮುಂದೆ ಕೂತ. ಕೂತಲ್ಲಿ ಕೂರಲಾರ. ಒಮ್ಮೆ ಬಾಗಿಲು ನೋಡುತ್ತಾನೆ, ಒಮ್ಮೆ ಗಡಿಯಾರ ನೋಡುತ್ತಾನೆ. ಗುರುಗಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಹೆಡ್‌ಮೇಷ್ಟ್ರಿದ್ದರು. ಒಂದನೇ ತರಗತಿಗೆ ಪಾಠ ಹೇಳಿ ಹೇಳಿಯೇ ತಲೆ ನರೆತವರು. ಪ್ರಶ್ನೆಪತ್ರಿಕೆಗಳು ಕಂಪ್ಯೂಟರಿನೊಳಗೆ ಬರುವ ಕಾಲ ಬಂತು. ಅದನ್ನು ತೆರೆಯುವ ಪಾಸ್‌ವರ್ಡ್ ಅವರಿಗೆ ಕೊಟ್ಟು, ಬರೆದಿಡಬೇಡಿ, ಯಾರಿಗೂ ಹೇಳಬೇಡಿ ಎಂದರು ಮೇಲಿನವರು. ಮೇಷ್ಟ್ರು ಬರೆದಿಡಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಆದರೆ ಮರೆತುಹೋದರೆ? ಅಂದಿನಿಂದ ಅವರಿಗೆ ಊಟ ರುಚಿಸದು, ನಿದ್ದೆ ಹತ್ತದು. ದಾರಿಯಲ್ಲಿ ನಡೆಯುವಾಗ, ಮಕ್ಕಳ ಸ್ಲೇಟು ತಿದ್ದುವಾಗ, ತಮ್ಮಷ್ಟಕ್ಕೆ ಅದನ್ನೇ ಹೇಳಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಜವಾನ ಕಸ ಗುಡಿಸುತ್ತ ಏನೋ ಗುನುಗುತ್ತಿದ್ದ. ಮೇಷ್ಟ್ರು ಕಿವಿಗೊಟ್ಟರು. ಅದೇ ಪಾಸ್‌ವರ್ಡ್!

“ಎಲ್ಲಿ ಕದ್ದೆಯೋ ಇದನ್ನು?”

“ಕದಿಯೋಕೆ ಇದೇನು ಚಿನ್ನವಾ ಸ್ವಾಮಿ? ಎಲ್ಲೋ ಕೇಳಿದ್ದು, ಬಾಯಿಗೆ ಬಂತು.”

ಕಳ್ಳನಿಗೊಂದು ಪಿಳ್ಳೆ ನೆವ ಎಂದು ಗದರಿ, ಮೇಷ್ಟ್ರು ಅವನನ್ನು ಅಂದೇ ಮನೆಗೆ ಕಳಿಸಿದರು. ಪಾಸ್‌ವರ್ಡನ್ನೂ ಬದಲಾಯಿಸಿದರು. ಆದರೂ ಭಯ ಹೋಗಲಿಲ್ಲ. ಹಳೆಯದಕ್ಕಿಂತ ಹೊಸದು ಬೇಗ ಮರೆತುಹೋಗುವುದಲ್ಲವೇ? ಹೇಳಿಕೊಳ್ಳುವುದು ಇನ್ನೂ ಹೆಚ್ಚಾಯಿತು.

ಪರೀಕ್ಷೆಯ ದಿನ ಇಲಾಖೆಯ ಸಾಹೇಬರು ಬಂದು ಪಕ್ಕದಲ್ಲೇ ನಿಂತರು. ಮೇಷ್ಟ್ರು ಕಂಪ್ಯೂಟರಿನ ಮುಂದೆ ಕೂತು ಬೆರಳೆತ್ತಿದರು. ಏನು ಮಾಡಿದರೂ ನೆನಪಾಗಲೊಲ್ಲದು. ಪಕ್ಕದ ಕೋಣೆಯಲ್ಲಿ ಒಂದನೇ ತರಗತಿಯ ಮಕ್ಕಳು ಮೇಷ್ಟ್ರಿಲ್ಲದೆ ತಾವೇ ಪಾಠ ಒಪ್ಪಿಸುತ್ತಿದ್ದವು. ಒಂದು ಮಗು ಹೇಳಿಕೊಡುವುದು, ಉಳಿದವು ಕೂಗುವುದು. ಅ ಆ ಇ ಈ ಮುಗಿಯಿತು. ಮಗ್ಗಿ ಮುಗಿಯಿತು. ಆಮೇಲೆ ಅದೇ ರಾಗದಲ್ಲಿ, “ನವಿಲು ಏಳು ಮೂರು ಒಂಬತ್ತು!” ಎಂದು ಕೂಗಿದವು. ಅದು ಹೊಸ ಪಾಸ್‌ವರ್ಡ್. ಮೇಷ್ಟ್ರ ಬಾಯಲ್ಲಿ ಏನು ಬಂದರೂ ಹಿಂದೆಯೇ ಹೇಳಬೇಕೆಂದು ಆ ಮಕ್ಕಳಿಗೆ ಕಲಿಸಿದವರು ಅವರೇ ಅಲ್ಲವೇ!

ಮೇಷ್ಟ್ರು ತಲೆ ತಗ್ಗಿಸಿ ಅದನ್ನೇ ಒತ್ತಿದರು. ಪ್ರಶ್ನೆಪತ್ರಿಕೆ ತೆರೆಯಿತು. ಎದ್ದವರೇ ಜವಾನನ ಮನೆಗೆ ಓಡಿದರು. ಬಾಗಿಲಿಗೆ ಬೀಗ ಬಿದ್ದಿತ್ತು. ಕಳ್ಳನೆಂದು ಬೆರಳು ತೋರಿಸುವ ಊರಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಯಾರು ತಾನೇ ಇರುತ್ತಾರೆ? ಎಲ್ಲಿಗೆ ಹೋದನೆಂದು ಯಾರಿಗೂ ತಿಳಿಯದು. ಮೇಷ್ಟ್ರು ಆ ಜಗಲಿಯ ಮೇಲೆ ಕುಸಿದು ಅತ್ತುಬಿಟ್ಟರು.

ಗುರುಗಳು ಕತೆ ನಿಲ್ಲಿಸಿದರು. ಶಿವನಂಜಪ್ಪ ನಕ್ಕ.

“ಎಂಥ ಪೆದ್ದು ಮೇಷ್ಟ್ರು ಬುದ್ಧಿ! ನಾನು ಹಾಗಲ್ಲ. ನನ್ನದು ಈ ತುಟಿ ದಾಟಿಲ್ಲ.”

“ನೀನು ಬಂದು ಕೂತಾಗಿನಿಂದ ಅದನ್ನೇ ಗುನುಗುತ್ತಿದ್ದೀಯಪ್ಪ, ನನಗೂ ಬಾಯಿಪಾಠವಾಯಿತು.”