ಕುರಿ ತುಳಿದ ಒಡ್ಡು

ಮುದ್ದಿನಹಾಳದ ಪಡುವಣಕ್ಕೆ ಎರಡು ಗುಡ್ಡಗಳ ನಡುವೆ, ಹಳ್ಳಕ್ಕೆ ಅಡ್ಡಲಾಗಿ ಮಲಗಿರುವ ಮಣ್ಣಿನ ದಿಬ್ಬವನ್ನು ಹೊಸಬರು ಮೂರನೆಯ ಗುಡ್ಡವೆಂದೇ ತಿಳಿಯುತ್ತಾರೆ. ಕಲ್ಲಿಲ್ಲ, ಗಾರೆಯಿಲ್ಲ. ಅಳತೆಪಟ್ಟಿ ಹಿಡಿದು ಬಂದ ಇಂಜಿನಿಯರುಗಳು ಇದು ಇಷ್ಟು ಕಾಲ ಹೇಗೆ ನಿಂತಿತೆಂದು ತಲೆ ಕೆರೆದುಕೊಳ್ಳುತ್ತಾರೆ. ಊರಲ್ಲಿ ಹೆಸರು ಕೇಳಿದ್ದರೆ ಅದರಲ್ಲೇ ಉತ್ತರ ಸಿಗುತ್ತಿತ್ತು: ಇದು ಕುರಿ ತುಳಿದ ಒಡ್ಡು.

ಹಿಂದೆ ಈ ಹಳ್ಳ ಪ್ರತಿ ಮಳೆಗಾಲದಲ್ಲಿ ಕೆಳಗೇರಿಗೆ ನುಗ್ಗಿ ಮನೆಮಾರು ಕೊಚ್ಚಿಕೊಂಡು ಹೋಗುತ್ತಿತ್ತು. ಊರಗೌಡ ಅಡಿವೆಪ್ಪ ಒಡ್ಡು ಹಾಕಿಸಿದ; ಮೊದಲ ನೆರೆಗೇ ಒಡೆಯಿತು. ಇನ್ನೂ ಎತ್ತರ ಹಾಕಿಸಿದ. ಅದೂ ಒಡೆದು ಏಳು ಜನರನ್ನು ಒಯ್ದಿತು. ಗೌಡನಿಗೆ ಎತ್ತರದ ಮೇಲೆ ಬಹಳ ನಂಬಿಕೆ. ರುಮಾಲನ್ನೂ ಎತ್ತರಕ್ಕೇ ಸುತ್ತುತ್ತಿದ್ದನಂತೆ. ಕೆಳಗೇರಿಯವರು ಊರು ಬಿಡಲು ಗಂಟುಮೂಟೆ ಕಟ್ಟತೊಡಗಿದಾಗ, ಕುರಿ ಕಾಯುವ ಮಾಳವ್ವ ಗೌಡನ ಮುಂದೆ ಬಂದು ನಿಂತಳು. ಗಂಡ ಸತ್ತ ಮೇಲೆ ಮುನ್ನೂರು ಕುರಿಯ ಹಿಂಡೊಂದೇ ಅವಳ ಬದುಕು.

“ಗೌಡ್ರ, ಮಣ್ಣು ಸುರದೀರಿ, ತುಳಿಸಿಲ್ಲ. ನನ್ನ ಕುರಿ ತಿಂಗಳು ಮಲಗಿದ ಜಾಗಕ್ಕ ಗುದ್ದಲಿ ಹಾಕಿ ನೋಡ್ರಿ,” ಎಂದಳು.

ಹಾಕಿದರು. ಗುದ್ದಲಿ ಠಣ್ಣೆಂದಿತು; ಕೊಡ ನೀರು ಸುರಿದರೆ ಇಂಗದೆ ನಿಂತಿತು. ಮೂರನೆಯ ಒಡ್ಡು ಅವಳು ಹೇಳಿದಂತೆ ಎದ್ದಿತು. ಗೇಣು ಮಣ್ಣು ಹರಡುವುದು, ನೀರು ಚಿಮುಕಿಸುವುದು, ಹಿಂಡನ್ನು ಆ ತುದಿಯಿಂದ ಈ ತುದಿಗೆ ಓಡಾಡಿಸುವುದು, ಮತ್ತೆ ಮಣ್ಣು. ಆ ಬೇಸಗೆ ಮೇವಿರುವ ಸೀಮೆಗೆ ವಲಸೆ ಹೋಗದೆ ಕುರಿಗಳು ಸೊರಗಿದವು, ನಲವತ್ತು ಸತ್ತವು. ಮಾಳವ್ವ ಅತ್ತಳು, ತುಳಿಸುವುದನ್ನು ಮಾತ್ರ ಬಿಡಲಿಲ್ಲ.

ಮುಂಗಾರು ಕವಿದಾಗ, ಎರಡು ಸಲ ಪೆಟ್ಟು ತಿಂದ ಜನ ನಂಬಲಾರದೆ ಗುಡ್ಡ ಹತ್ತಿದರು. ಮಾಳವ್ವ ಉಳಿದ ಹಿಂಡನ್ನೆಲ್ಲ ಹೊಡೆದುಕೊಂಡು ಬಂದು ಒಡ್ಡಿನ ಬುಡದಲ್ಲಿ, ಒಡೆದರೆ ನೀರು ಮೊದಲು ಬೀಳುವಲ್ಲೇ, ಹಟ್ಟಿ ಹಾಕಿದಳು. ಮೇಲೆ ಬಾ ಎಂದು ಗೌಡನೇ ಇಳಿದು ಬಂದು ಬೇಡಿಕೊಂಡನಂತೆ.

“ಇದನ್ನ ತುಳದದ್ದು ಇವೇ ಅಲ್ಲೇನ್ರಿ? ಇಲ್ಲೇ ಮಲಗ್ತಾವ,” ಎಂದಳು ಮಾಳವ್ವ.

ನೀರು ಮೂರು ದಿನ ಒಡ್ಡಿನ ಅಂಚಿಗೆ ಬಂದು ನಿಂತು, ಪಕ್ಕದ ಕೋಡಿಯಲ್ಲಿ ಹರಿದುಹೋಯಿತು. ನಾಲ್ಕನೆಯ ಬೆಳಿಗ್ಗೆ ಇಳಿದು ಬಂದವರು ಕಂಡದ್ದು ನಿಶ್ಚಿಂತೆಯಿಂದ ಮೆಲುಕು ಹಾಕುತ್ತಿದ್ದ ಕುರಿಗಳನ್ನು ಎನ್ನುತ್ತಾರೆ. ಒಡ್ಡಿಗೆ ನೆಡಲು ತನ್ನ ಹೆಸರು ಕೆತ್ತಿಸಿದ್ದ ದೊಡ್ಡ ಕಲ್ಲನ್ನು ಗೌಡ ಮಗುಚಿಹಾಕಿಸಿ, ಬೆನ್ನು ಕೊರೆಯಿಸಿ, ಆ ಹಿಂಡಿಗೆ ನೀರು ಕುಡಿಯುವ ಬಾನಿ ಮಾಡಿಸಿದ. ಮನುಷ್ಯ ಕೆಟ್ಟವನಲ್ಲ.

ಬಾನಿ ಈಗಲೂ ಅಲ್ಲೇ ಇದೆ. ಅದರ ಪಕ್ಕ ನಿಂತು ನೋಡಿದರೆ ಕೆಳಗೇರಿಯ ನೂರಿಪ್ಪತ್ತು ಮನೆಗಳು ಕಾಣುತ್ತವೆ. ಎಲ್ಲದರ ಬಾಗಿಲೂ ಒಡ್ಡಿನ ಕಡೆಗೇ ತೆರೆಯುತ್ತದೆ.